ಮಂಜಿನ ಮೇಲೆ ಅವ್ವ

ಗೋವಾದ ಮೇಲೊಂದು ಬೆರಳು, ಹೈದರಾಬಾದಿನ ಮೇಲೊಂದು ಬೆರಳು ಇಟ್ಟು ನಡುವೆ ಸ್ಕೇಲ್ ಹಚ್ಚಿ ಗೆರೆ ಎಳೆದರೆ ಅದು ನೇರ ನಮ್ಮ ಸುರಪುರದ ಮೇಲೆ ಹಾಯುತ್ತದೆ. ಇದನ್ನು ನಾನು ಕಂಡುಹಿಡಿದದ್ದು ಶಹಾಪುರದಲ್ಲಿ, ನಾನು ವಿಜ್ಞಾನ ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ, ಮಕ್ಕಳ ಹರಕು ಅಟ್ಲಾಸಿನ ಮೇಲೆ. ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹಿಂದಿ ಮೇಡಂ ಬೆಚ್ಚಿಬಿದ್ದು ಸೀರೆಯ ಮೇಲೆಲ್ಲ ಚಹಾ ಚೆಲ್ಲಿಕೊಂಡರು. ನಮ್ಮ ಅವ್ವ ಆಗ ಗೋವಾದಲ್ಲಿದ್ದಳು. ಎಳ್ಳ ಅಮಾವಾಸ್ಯೆಗೆ ಆಕೆಯನ್ನು ಊರಿಗೆ ಕರೆಸಬೇಕಿತ್ತು. ಆಕೆ ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ. ಕಿಟಕಿ ಪಕ್ಕ ಕೂತರೆ ಅವ್ವ ತನ್ನ ಹೊಲವನ್ನು ತಾನೇ ಆಕಾಶದಿಂದ ನೋಡಬಹುದಲ್ಲ ಅನ್ನುವ ಹುಚ್ಚು ಅವತ್ತು ನನ್ನ ತಲೆ ಹೊಕ್ಕಿತು, ಏನು ಮಾಡಿದರೂ ಇಳಿಯಲಿಲ್ಲ.

ಎಳ್ಳ ಅಮಾವಾಸ್ಯೆ ನಮ್ಮ ಕಡೆ ಹೊಲದ ಹಬ್ಬ. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಯ ಕೂಡಿಸಿ ಮಾಡಿದ ಭಜ್ಜಿ, ಕಡುಬು, ಅಂಬಲಿ. ಆದರೆ ಊಟಕ್ಕೆ ಮುಂಚೆ ಚರಗ ಚೆಲ್ಲಬೇಕು. ಅಂದರೆ ಮಾಡಿದ ಅಡುಗೆಯಲ್ಲಿ ಸ್ವಲ್ಪ ಸ್ವಲ್ಪ ಹೆಡಿಗೆ ಎಂಬ ಬಿದಿರ ಬುಟ್ಟಿಗೆ ಹಾಕಿಕೊಂಡು, ಹೊಲದ ಸುತ್ತ ನಡೆಯುತ್ತ, ಬೆಳೆಯ ಮೇಲೆ ಭೂತಾಯಿಗೆಂದು ಚೆಲ್ಲುತ್ತ ಹೋಗುವುದು. ಹೆಡಿಗೆ ಹೊತ್ತವರು ಮುಂದೆ ನಡೆಯುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ಹಿಂದೆ ತಂಬಿಗೆ ಹಿಡಿದವರು ‘ಸಲಾಂಬ್ರಿಗೋ’ ಎಂದು ಓಗೊಟ್ಟು ನೀರು ಚಿಮುಕಿಸಬೇಕು. ಅದು ಮುಗಿಯುವ ತನಕ ಯಾರ ಬಾಯಿಗೂ ತುತ್ತಿಲ್ಲ.

ಉಳಿದವರ ಹೊಲಗಳಲ್ಲಿ ಗಂಡಸರು ಹೆಡಿಗೆ ಹೊರುತ್ತಾರೆ. ನಮ್ಮಲ್ಲಿ ಹಾಗಲ್ಲ. ನನ್ನ ಅಪ್ಪನ ತಾಯಿ, ನಾವು ಆಯಿ ಅನ್ನುತ್ತೇವೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅಪ್ಪ ಇನ್ನೂ ಕೂಸು. ಆ ವರ್ಷ ಭಾವ ಮೈದುನರು ನಾವು ಚೆಲ್ಲುತ್ತೇವೆ ಎಂದು ಬಂದರೆ, ಹೊಲ ನನ್ನದು, ಹೆಡಿಗೆಯೂ ನನ್ನದೇ ಎಂದು ತಲೆ ಮೇಲೆ ಇಟ್ಟುಕೊಂಡು ನಡೆದೇಬಿಟ್ಟಳಂತೆ. ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಅವ್ವ ಸೊಸೆಯಾಗಿ ಬಂದ ಮೇಲೆ ಆಕೆಗೆ ತಂಬಿಗೆ ಸಿಕ್ಕಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಯಿ ಮುಂದೆ, ಅವ್ವ ಹಿಂದೆ. ನಾನು ಹೊಟ್ಟೆಯಲ್ಲಿದ್ದಾಗಲೂ ಅಷ್ಟೆ. ಹೆಡಿಗೆ ಹೊತ್ತವಳು ತಿರುಗಿ ನೋಡಬಾರದು ಅನ್ನುವುದು ಆಯಿಯ ನೇಮ, ತಿರುಗಿದರೆ ಚರಗ ಅಲ್ಲಿಗೇ ತುಂಡಾಗುತ್ತದಂತೆ. ಹಾಗಾಗಿ ಹಿಂದಿನವಳು ಎಡವಿದಳೋ ಬಿದ್ದಳೋ ಆಕೆಗೆ ಗೊತ್ತಾಗುತ್ತಿದ್ದದ್ದು ದನಿಯಿಂದ ಮಾತ್ರ.

ನಾನು ಆ ಗೆರೆ ಎಳೆದ ವರ್ಷದ ದಸರೆಯಲ್ಲಿ ಬನ್ನಿ ಕೊಟ್ಟು ನಮಸ್ಕರಿಸಲು ಬಗ್ಗಿದ ಅವ್ವನಿಗೆ ಆಯಿ ಒಂದೇ ಮಾತು ಹೇಳಿದಳು: “ಎಳ್ಳಮಾಸಿಗಿ ಹೆಡಗಿ ನೀ ಹೊರು. ನನ್ನ ಮೊಣಕಾಲು ಸಾಕು ಅಂತಾವ.” ಅವ್ವ ಎದ್ದು ಒಳಗೆ ಹೋದಳು. ನಾನು ಹಿಂದೆ ಹೋಗಿ ನೋಡಿದರೆ ಟ್ರಂಕಿನ ಮುಂದೆ ಕೂತು ತನ್ನ ಮದುವೆಯ ಇಳಕಲ್ ಸೀರೆಯ ಮಡಿಕೆ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಏನವ್ವ ಅಂದರೆ, ನುಸಿ ಹಿಡಿದಿದೆಯೋ ನೋಡುತ್ತಿದ್ದೇನೆ ಅಂದಳು. ಸುಳ್ಳು. ಮೂವತ್ತು ವರ್ಷ ಯಾರಿಗೂ ಹೇಳದೆ ಕಾಯ್ದದ್ದು ಸಿಕ್ಕರೆ ಮನುಷ್ಯರು ಹಾಗೆ ಮಡಿಕೆ ಬಿಚ್ಚಿ ಮಡಚುತ್ತ ಕೂರುತ್ತಾರೆ. ನನಗಂತೂ ಆಕೆಗಿಂತ ಹೆಚ್ಚು ಖುಷಿಯಾಗಿತ್ತು.

ಅಷ್ಟರಲ್ಲಿ ಗೋವಾದಲ್ಲಿರುವ ನನ್ನ ತಂಗಿಗೆ ದಿನ ತುಂಬಿತು. ಡಾಕ್ಟರು ಪ್ರಯಾಣ ಬೇಡವೆಂದರು, ಅವ್ವನೇ ಬಾಣಂತನಕ್ಕೆ ಹೋದಳು. ಕೂಸಿನ ತೊಟ್ಟಿಲ ಕಾರ್ಯ ಗೊತ್ತಾದದ್ದು ಸರಿಯಾಗಿ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ತೊಟ್ಟಿಲು ಬಿಟ್ಟು ಅಜ್ಜಿ ಹೊರಡುವ ಹಾಗಿಲ್ಲ. ಸಂಜೆ ಬಸ್ಸು ಹತ್ತಿದರೆ ಬೆಳಿಗ್ಗೆ ಸುರಪುರದಲ್ಲಿ ಇಳಿಯಬಹುದಿತ್ತು, ನಿಜ. ಆದರೆ ನನ್ನ ಗೆರೆ ಇತ್ತಲ್ಲ! ಬೆಳಗಿನ ವಿಮಾನ ಹತ್ತಿದರೆ ಬಿಸಿಲೇರುವ ಮುಂಚೆ ಹೈದರಾಬಾದು. ಅಲ್ಲೇ ಕೆಲಸದಲ್ಲಿರುವ ನನ್ನ ತಮ್ಮ ಕಾರು ತಂದು ನಿಂತಿರುತ್ತಾನೆ. ಗುರುಮಠಕಲ್, ಯಾದಗಿರಿ, ಶಹಾಪುರ ದಾಟಿಕೊಂಡು ಮಧ್ಯಾಹ್ನಕ್ಕೆ ಹೊಲದಲ್ಲಿ.

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕೊಂಕಣ ಸುತ್ತಿ ಮೈಲಾರಕ್ಕ ಬಂದಂಗ ಅನ್ನೂದು ಕೇಳಿದ್ದೆ. ನೀ ಕೊಂಕಣದಾಗ ಇದ್ದಾಕಿನ್ನ ಮೈಲಾರದ ಮ್ಯಾಲ ಹಾರಿಸಿ, ಹೈದರಾಬಾದ್ ಮುಟ್ಟಿಸಿ, ತಿರಗಿ ಮೈಲಾರಕ್ಕ ತರತಿ ನೋಡು.” ಮನೆಯವರೆಲ್ಲ ನಕ್ಕರು. ನಾನು ಸೋಲುವ ಪೈಕಿಯಲ್ಲ. ಆಕೆ ಜೀವಮಾನವಿಡೀ ಬಸ್ಸಿನಲ್ಲಿ ಮೊಣಕಾಲು ಮಡಚಿ ಕೂತಿದ್ದಾಳೆ, ಒಂದು ಸಲ ಹಾರಲಿ ಬಿಡಿ ಎಂದು ಹಟ ಹಿಡಿದೆ. ಅವ್ವ ಫೋನಿನಲ್ಲಿ ಬೇಡ ಬೇಡ ಅನ್ನುತ್ತಲೇ ವಿಮಾನದಲ್ಲಿ ಕಿಟಕಿ ತೆರೆಯಲು ಬರುತ್ತದೆಯೋ ಎಂದು ಕೇಳಿದಳು. ಗೆದ್ದೆ ಅಂದುಕೊಂಡೆ. ಕೊನೆಗೆ ಆಯಿ ಷರತ್ತು ಹಾಕಿದಳು: ಹೊತ್ತು ನೆತ್ತಿಗೆ ಬರುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಸೊಸೆ ಹೊಲದಲ್ಲಿದ್ದರೆ ಹೆಡಿಗೆ ಆಕೆಯದು. ಇಲ್ಲದಿದ್ದರೆ ಮೊಣಕಾಲು ಮುರಿದರೂ ನಾನೇ ಹೊರುತ್ತೇನೆ, ಭೂತಾಯಿಯನ್ನು ಹಸಿದಿರಲು ಬಿಡುವುದಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಕೆಂಭಾವಿ ರಸ್ತೆಯಲ್ಲಿರುವ ನಮ್ಮ ಹೊಲಕ್ಕೆ ನಾವು ಬರುವಾಗ ಬೆಳಕು ಹರಿಯುತ್ತಿತ್ತು, ಹೊಲ ಮಾತ್ರ ಕಾಣುತ್ತಿರಲಿಲ್ಲ. ಅಂಥ ಮಂಜು. ಹಿಂದಿನ ರಾತ್ರಿ ಮೋಡವಿಲ್ಲ, ಗಾಳಿಯಿಲ್ಲ, ಕಾಲುವೆ ನೀರು ಕುಡಿದ ಎರೆ ನೆಲ. ಆ ನೆಲ ರಾತ್ರಿಯಿಡೀ ತನ್ನ ಕಾವನ್ನು ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿತ್ತು, ಅದರ ಮೇಲಿನ ಹಸಿ ಗಾಳಿ ತಣಿದು ಸಣ್ಣ ಸಣ್ಣ ಹನಿಯಾಗಿ ಅಲ್ಲೇ ತೂಗುತ್ತಿತ್ತು. ನಾನು ಪ್ರತಿ ವರ್ಷ ಎಂಟನೆಯ ತರಗತಿಗೆ ಹೇಳುವ ಪಾಠವೇ ಇದು. ಪಾಠ ಹೇಳುವಾಗ ಮಂಜು ಎಷ್ಟು ಚಂದ ಅನ್ನಿಸುತ್ತಿತ್ತು! ಅವತ್ತೂ ಚಂದವೇ ಅನ್ನಿಸಿತು, ಯಾಕೆಂದರೆ ಹೈದರಾಬಾದಿನ ನೆಲವೂ ಅದೇ ರಾತ್ರಿ ತಣ್ಣಗಾಗಿರುತ್ತದೆ ಎಂದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಅಪ್ಪ ಕಡಲೆ ಗಿಡ ಸವರಿ, ಇಷ್ಟು ಮಂಜು ಬಿದ್ದರೆ ಎಲೆಯ ಮೇಲಿನ ಹುಳಿಯೆಲ್ಲ ತೊಳೆದು ಹೋಗಿ ಬೆಳೆ ಕೆಡುತ್ತದೆ ಎಂದು ಗೊಣಗುತ್ತಿದ್ದ. ನಾನು ಹಕ್ಕಿ ಕಾಯುವ ಅಟ್ಟ ಹತ್ತಿ, ಅದರ ಗಳಕ್ಕೆ ಕೆಂಪು ಸೀರೆಯೊಂದನ್ನು ಕಟ್ಟಿ, ಮೊಬೈಲಿನಲ್ಲಿ ವಿಮಾನ ಎಲ್ಲಿದೆ ಎಂದು ತೋರಿಸುವ ಆ್ಯಪ್ ತೆಗೆದು ಕೂತೆ. ಗೋವಾದಿಂದ ಹಳದಿ ಬಣ್ಣದ ಪುಟ್ಟ ವಿಮಾನವೊಂದು ಹೊರಟಿತ್ತು, ಅದರೊಳಗೆ ಇಳಕಲ್ ಸೀರೆ ಉಟ್ಟ ನಮ್ಮ ಅವ್ವ. ಇಳಿದ ಕೂಡಲೇ ಹೊಲಕ್ಕೆ ಬರಬೇಕಲ್ಲ ಎಂದು ಅದನ್ನೇ ಉಟ್ಟು ಹೊರಟಿದ್ದಳು.

ಬೆಳಗಾವಿ ಕಡೆಯಿಂದ ಬಂತು, ಬಾಗಲಕೋಟೆ ದಾಟಿತು, ಕೃಷ್ಣೆ ದಾಟಿತು. ಬಂದಳು ಬಂದಳು ಎಂದು ಅಟ್ಟದ ಮೇಲಿಂದ ಕೂಗಿದೆ. ಮಂಜಿನೊಳಗೆ ಯಾವುದೂ ಕಾಣದು, ಆದರೆ ಮೇಲೆಲ್ಲೋ ಗುಡುಗುಡು ಸದ್ದು ಹಾದುಹೋಯಿತು. ಆಯಿ ಬನ್ನಿ ಗಿಡದ ಕೆಳಗೆ ಪೂಜೆಗೆ ಇಟ್ಟ ಐದು ಕಲ್ಲುಗಳಿಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ ಮುಖ ಮೇಲೆತ್ತಿದಳು. ನಾನು ಸೀರೆಯನ್ನು ಬೀಸಿದ್ದೇ ಬೀಸಿದ್ದು, ಕೈ ಸೋತು ಹೋಗುವವರೆಗೆ. ಕಾಣುವುದಿಲ್ಲ ಅಂತ ಗೊತ್ತಿದ್ದೂ ಬೀಸಿದೆ.

ಆಮೇಲೆ ಆ ಹಳದಿ ವಿಮಾನ ಹೈದರಾಬಾದಿನ ಹತ್ತಿರ ಹೋಗಿ ಇಳಿಯುವುದು ಬಿಟ್ಟು ಸುತ್ತತೊಡಗಿತು. ಒಂದು ಸುತ್ತು, ಎರಡು, ಮೂರು. ಗಾಣದ ಎತ್ತಿನ ಹಾಗೆ ಅದೇ ದಾರಿಯಲ್ಲಿ. ಅದರ ಮೇಲೊಂದು ಕೆಳಗೊಂದು ಇನ್ನೂ ಹಲವು ವಿಮಾನಗಳು ಸುತ್ತುತ್ತಿದ್ದವು. ಅಷ್ಟರಲ್ಲಿ ತಮ್ಮನ ಫೋನು. ವಿಮಾನ ನಿಲ್ದಾಣದ ಹೊರಗೆ ನಿಂತವನಿಗೆ ತನ್ನ ಕಾರಿನ ಮುಂದಿನ ಕಾರು ಕಾಣುತ್ತಿಲ್ಲವಂತೆ. ಬೋರ್ಡಿನ ಮೇಲೆ ಎಲ್ಲ ವಿಮಾನದ ಮುಂದೂ ತಡ ತಡ ಎಂದೇ ಬರೆದಿದೆಯಂತೆ. ನಾನು ಅಟ್ಟದಿಂದ ಇಳಿದೆ. ಮುಖ ನೋಡಿಯೇ ಅಪ್ಪನಿಗೆ ತಿಳಿಯಿತು.

ಪಕ್ಕದ ಹೊಲದ ಚಾಚಾ ತಮ್ಮ ಬದುವಿನಿಂದ ದಾಟಿ ಬಂದರು. ಎಳ್ಳ ಅಮಾವಾಸ್ಯೆಗೆ ಅವರ ಮನೆಯ ಊಟ ನಮ್ಮ ಹೊಲದಲ್ಲೇ, ನಾನು ಹುಟ್ಟುವ ಮೊದಲಿನಿಂದಲೂ. ಹೋದ ವರ್ಷ ಉಮ್ರಾ ಯಾತ್ರೆಗೆ ಹೋಗಿಬಂದ ಮೇಲೆ ವಿಮಾನದ ವಿಷಯಕ್ಕೆ ನಮ್ಮ ಸೀಮೆಗೆಲ್ಲ ಅವರೇ ದೊಡ್ಡವರು. ಎಣ್ಣೆ ಮುಗಿಯುವ ತನಕ ಸುತ್ತಿಸುತ್ತಾರೆ ಎಂದುಬಿಟ್ಟರು. ಆಯಿ ಬನ್ನಿ ಗಿಡದ ಕಲ್ಲುಗಳ ಕಡೆ ತಿರುಗಿ ಕೈ ಮುಗಿದಳು. ನನಗೆ ಎಲ್ಲಿತ್ತೋ ಸಿಟ್ಟು, ಚಾಚಾ ನೀವು ಸುಮ್ಮನಿರಿ, ಮುಗಿಯುವ ತನಕ ಯಾರೂ ಸುತ್ತಿಸುವುದಿಲ್ಲ, ಬೇರೆ ಊರಿಗೆ ಹೋಗಿ ಇಳಿಯುವಷ್ಟು ಇಟ್ಟುಕೊಂಡೇ ಸುತ್ತುತ್ತಾರೆ ಎಂದು ರೇಗಿದೆ. ಅವರು ಪಾಪ, ತೋಬಾ ತೋಬಾ ಎಂದು ಕಿವಿ ಮುಟ್ಟಿಕೊಂಡರು.

“ಮಂಜು ಕೆಳಗ ಅದ, ಮ್ಯಾಲ ಬಿಸಲು ಅದ ಅಂತಿ,” ಅಂದಳು ಆಯಿ. “ಮತ್ತ ಇಳಿಯಾಕ ಏನ್ ಧಾಡಿ? ಅದಕ್ಕ ಯಂತ್ರ ಇಲ್ಲೇನು, ದೀಪ ಇಲ್ಲೇನು?”

ಇಂಥ ಪ್ರಶ್ನೆ ಕೇಳಿದರೆ ನನಗೆ ಊಟ ನಿದ್ದೆ ಬೇಡ. ಅವಳೆದುರು ಕುಕ್ಕರಗಾಲಲ್ಲಿ ಕೂತು ಶುರುಮಾಡಿದೆ. ಹಾರುವುದಕ್ಕೆ ಕಣ್ಣು ಬೇಕಿಲ್ಲ ಆಯಿ, ಯಂತ್ರ ಸಾಕು. ಇಳಿಯುವ ದಾರಿಯ ಬಾಯಿಯ ತನಕವೂ ರೇಡಿಯೋ ಅಲೆ ಹಿಡಿದು ಯಂತ್ರವೇ ತಂದು ಬಿಡುತ್ತದೆ. ಆದರೆ ನೆಲ ಇನ್ನು ಇಷ್ಟೇ ದೂರ ಅನ್ನುವ ಒಂದು ಎತ್ತರಕ್ಕೆ ಬಂದಾಗ ಪೈಲಟ್ ತಲೆಯೆತ್ತಿ ನೋಡಿದರೆ ರನ್‌ವೇ ದೀಪ ಕಣ್ಣಿಗೆ ಬೀಳಬೇಕು. ಬಿತ್ತೋ, ಇಳಿದ. ಬೀಳಲಿಲ್ಲವೋ, ಮಾತೇ ಇಲ್ಲ, ಮೂತಿ ಮೇಲೆ ಮಾಡಿ ಮತ್ತೆ ಆಕಾಶಕ್ಕೆ. ನೀನು ಕತ್ತಲಲ್ಲಿ ಅಟ್ಟದಿಂದ ಇಳಿಯುವಾಗ ಏಣಿಯ ಮೆಟ್ಟಿಲೆಲ್ಲ ಕೈಗೆ ಗೊತ್ತು, ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಡುವಾಗ ಮಾತ್ರ ತಡೆದು ನೋಡುವುದಿಲ್ಲವೇ, ಹಾಗೆ. ಇನ್ನೂ ಕೆಳಗೆ ಬರುವ ತನಕ ಇಳಿಸಬಲ್ಲ ಯಂತ್ರವೂ ಉಂಟು, ಆದರೆ ಅದು ನೆಲದ ಮೇಲೂ ಇರಬೇಕು, ವಿಮಾನದಲ್ಲೂ ಇರಬೇಕು, ಪೈಲಟ್ ಅದನ್ನು ಕಲಿತೂ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಕಾಯುವುದೇ ದಾರಿ.

ದೀಪದ ಪ್ರಶ್ನೆಗೆ ಅಪ್ಪನೇ ಉತ್ತರ ಕೊಟ್ಟ. ನಸುಕಿನಲ್ಲಿ ನಮಗಿಂತ ಮುಂಚೆ ಹೆಡ್‌ಲೈಟ್ ಹಚ್ಚಿಕೊಂಡು ಬೈಕ್ ಮೇಲೆ ಬರುವಾಗ ಬೆಳಕು ಮಂಜಿಗೆ ಬಡಿದು ತಿರುಗಿ ಅವನ ಕಣ್ಣಿಗೇ ಹೊಡೆಯಿತಂತೆ, ಎದುರಿಗೆ ಬಿಳಿ ಗೋಡೆ ಕಟ್ಟಿದ ಹಾಗೆ. ಕೊನೆಗೆ ದೀಪ ಆರಿಸಿ, ಬೈಕ್ ನೂಕಿಕೊಂಡು ನಡೆದು ಬಂದನಂತೆ. ವಿಮಾನವನ್ನು ಹಾಗೆ ನೂಕಿಕೊಂಡು ಬರಲಾಗುವುದಿಲ್ಲವಲ್ಲ ಎಂದು ತಾನೇ ನಕ್ಕ.

ಇಳಿದ ಮೇಲೂ ಸುಖವಿಲ್ಲ ಎಂದು ನಾನು ಮುಂದುವರಿಸಿದೆ. ಇಳಿದ ವಿಮಾನ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿಯಿತೋ ಇಲ್ಲವೋ ಮೇಲಿನಿಂದ ಕಾಣದು. ಕೆಳಗೆ ಓಡಾಡುವ ಗಾಡಿಗಳೂ ತಡವರಿಸುತ್ತವೆ. ಅದಕ್ಕೇ ಎರಡು ವಿಮಾನಗಳ ನಡುವೆ ಹೆಚ್ಚು ಅಂತರ ಬಿಡುತ್ತಾರೆ. ಸಂತೆಯ ದಿನ ಬಾಗಿಲೊಂದನ್ನೇ ತೆರೆದಿಟ್ಟರೆ ಹೊರಗೆ ಜನ ಹೇಗೆ ತುಂಬುತ್ತಾರೋ ಹಾಗೆ ಆಕಾಶದಲ್ಲಿ ವಿಮಾನಗಳು ತುಂಬುತ್ತವೆ. ಆಯಿ ಎಲ್ಲ ಕೇಳಿಸಿಕೊಂಡು, “ಇಷ್ಟೆಲ್ಲ ಗೊತ್ತಿದ್ದಾಕಿ ಬಸ್ಸಿಗಿ ಯಾಕ ಹತ್ತಿಸಲಿಲ್ಲ?” ಅಂದಳು. ಚಾಚಾ ಗಡ್ಡದೊಳಗೆ ನಗುತ್ತಿದ್ದರು.

ಮೊಬೈಲ್ ನೋಡಿದರೆ ಹಳದಿ ವಿಮಾನ ಸುತ್ತುವುದು ಬಿಟ್ಟು ಹೊರಳಿ ನಮ್ಮ ಕಡೆಗೇ ಬರುತ್ತಿತ್ತು. ಯಾಕೆ ಹೀಗೆ ಎಂದು ನನಗೂ ತಕ್ಷಣ ಹೊಳೆಯಲಿಲ್ಲ. ಯಾದಗಿರಿ ದಾಟಿತು, ಶಹಾಪುರ ದಾಟಿತು, ಮತ್ತೆ ಅದೇ ಗುಡುಗುಡು ನಮ್ಮ ತಲೆಯ ಮೇಲೆ. ಮಂಜು ಇನ್ನೂ ಹರಿದಿರಲಿಲ್ಲ. ಗೋವಾಕ್ಕೇ ವಾಪಸು! ಬೇರೆ ನಿಲ್ದಾಣಗಳಲ್ಲಿ ಮುಂಚೆಯೇ ಹೋದ ವಿಮಾನಗಳು ತುಂಬಿಕೊಂಡು ಜಾಗವಿರಲಿಲ್ಲವೆಂದು ಆಮೇಲೆ ತಿಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮದು ಬಾಯಿಯ ಮೇಲೆ ಎರಡೆರಡು ಸಲ ಹಾದು ಹೋಗಿತ್ತು. ನಾನು ಅಟ್ಟದ ಏಣಿಯ ಮೇಲೆ ಕೂತು ಅತ್ತೇಬಿಟ್ಟೆ, ಸಿಟ್ಟಿಗೆ.

ಗೋವಾದಲ್ಲಿ ಇಳಿದ ಮೇಲೆ ಅವ್ವನ ಫೋನು ಬಂತು. ಹೈದರಾಬಾದು ಬಂತೆಂದು ಎದ್ದು ಚೀಲ ಹಿಡಿದು ನಿಂತಿದ್ದಾಳೆ. ಗಗನಸಖಿ, ಅಲ್ಲಮ್ಮ ಇದು ಗೋವಾ ಅಂದರೆ ನಂಬಿಲ್ಲ. ಕಿಟಕಿಯಿಂದ ನೋಡಿದರೆ ಬೆಳಿಗ್ಗೆ ನೋಡಿದ ಅದೇ ಕಟ್ಟಡ, ಅದೇ ತೆಂಗಿನ ಮರ. ಎಲ್ಲರನ್ನೂ ವಿಮಾನದೊಳಗೇ ಕೂರಿಸಿದ್ದಾರಂತೆ, ಹೈದರಾಬಾದಿನಲ್ಲಿ ಮಂಜು ಕರಗಿದ ಸುದ್ದಿ ಬಂದ ಮೇಲೆ ಹೊರಡುತ್ತಾರಂತೆ. ಮೇಲೆ ಏನು ಕಂಡಿತು ಎಂದು ಕೇಳಿದೆ. ನೆಲವೇ ಕಾಣಲಿಲ್ಲ, ಒಡೆದ ಹತ್ತಿ ಹಾಸಿದ ಹಾಗೆ ಬೆಳ್ಳಗಿತ್ತು, ಅದರ ಮೇಲೆ ಬಿಸಿಲು ಹೊಡೆದು ಕಣ್ಣು ಕುಕ್ಕುತ್ತಿತ್ತು ಅಂದಳು. ಆಮೇಲೆ ದನಿ ಇಳಿಸಿ ಕೇಳಿದಳು: “ಅತ್ತಿ ಹೆಡಗಿ ತುಂಬ್ಯಾರೇನ?”

ಇಲ್ಲ ಅಂದೆ. ಹೊತ್ತು ಎಲ್ಲಿಗೆ ಬಂದಿದೆ ಅಂದಳು. ಅದನ್ನು ನಾನು ಹೇಳಬೇಕಾಗಿರಲಿಲ್ಲ, ವಿಮಾನದಲ್ಲಿ ಕೂತವಳಿಗೂ ಹೊತ್ತು ಕಾಣುತ್ತಿತ್ತು.

ಆಮೇಲೆ ಮಂಜು ಹರಿಯುವುದನ್ನು ನಾವು ಕಣ್ಣಾರೆ ನೋಡಿದೆವು. ಮೊದಲು ಬನ್ನಿ ಗಿಡದ ತುದಿ ಬಂತು, ಆಮೇಲೆ ಚಾಚಾರ ಹೊಲದ ತೊಗರಿ ಬಂತು, ಆಮೇಲೆ ಕಾಲುವೆ ಏರಿ. ಸುತ್ತಲ ಹೊಲಗಳಲ್ಲೆಲ್ಲ ಜನ ಕಾಣಿಸತೊಡಗಿದರು, ಹೊಸ ಸೀರೆಗಳು, ಎತ್ತುಗಳು, ಟ್ರ್ಯಾಕ್ಟರುಗಳು. ನನ್ನ ಜೀವ ಮೊಬೈಲಿನಲ್ಲಿತ್ತು. ಮಂಜು ಕರಗಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ ಅದೂ ಇಲ್ಲ. ನಿಂತ ವಿಮಾನಗಳೆಲ್ಲ ಒಟ್ಟಿಗೆ ಹೊರಡುತ್ತವೆ, ಸರದಿ ಹಚ್ಚುತ್ತಾರೆ. ಪೈಲಟ್‌ಗಳಿಗೆ ಕೆಲಸದ ಅವಧಿ ಇಷ್ಟೇ ಎಂದು ಕಟ್ಟಿರುತ್ತಾರೆ, ಅದು ಮುಗಿದರೆ ಬೇರೆಯವರು ಬರುವ ತನಕ ವಿಮಾನ ಕದಲದು. ಹೈದರಾಬಾದಿನ ಬೆಳಗಿನ ಮಂಜಿಗೆ ಎಲ್ಲೆಲ್ಲೋ ಬಿಸಿಲಿರುವ ಊರಿನ ಸಂಜೆಯ ವಿಮಾನವೂ ತಡವಾಗುವುದು ಹೀಗೆ. ಅವ್ವನ ವಿಮಾನದ ಪೈಲಟ್‌ನ ಅವಧಿ ಎಷ್ಟು ಉಳಿದಿದೆಯೋ ಎಂದು ಬೆರಳು ಮಡಚಿ ಲೆಕ್ಕ ಹಾಕತೊಡಗಿದೆ.

ಮೊದಲ ‘ಹುಲ್ಲುಲ್ಲಿಗೋ’ ಕಾಲುವೆಯ ಆಚೆಯಿಂದ ಕೇಳಿತು. ಆಮೇಲೆ ಎಡದಿಂದ, ಆಮೇಲೆ ಬಲದಿಂದ. ಒಂದೊಂದೇ ಹೊಲ ಚರಗ ಚೆಲ್ಲಿ ಊಟಕ್ಕೆ ಕೂತಿತು. ನಮ್ಮ ಭಜ್ಜಿಯ ಮಡಕೆ ಮುಚ್ಚಿದ್ದು ಮುಚ್ಚಿಯೇ ಇತ್ತು. ಆಯಿ ಎದ್ದು ಹೆಡಿಗೆ ತುಂಬತೊಡಗಿದಳು. ರೊಟ್ಟಿ ಮುರಿದು ಹಾಕಿದಳು, ಕಡುಬು ಹಾಕಿದಳು, ಭಜ್ಜಿ ಕಲಸಿದಳು. ಸೆರಗು ಬಿಗಿದು ಕಟ್ಟಿದಳು. ತಲೆಯ ಮೇಲಿಡುವ ಬಟ್ಟೆಯ ಸಿಂಬಿ ಕೈಗೆ ತೆಗೆದುಕೊಂಡಳು. ನೆತ್ತಿಯ ಮೇಲೆ ಹೊತ್ತು. ನನ್ನ ನೆರಳು ನನ್ನ ಕಾಲಿನ ಹತ್ತಿರ ಮುದುಡಿತ್ತು. ಅಪ್ಪ ತಂಬಿಗೆ ತುಂಬಿಸಿದ. ಅವ್ವನ ಆ ಸೀರೆಯ ಮಡಿಕೆ ನನಗೆ ನೆನಪಾಯಿತು.

ಹಾಗೇ ಮೊಬೈಲ್ ನೋಡಿದೆ. ಹಳದಿ ವಿಮಾನ ಯಾವಾಗ ಹೊರಟಿತ್ತೋ ಏನೋ, ಕೃಷ್ಣೆ ದಾಟಿ ಬರುತ್ತಿತ್ತು! ಆಯಿ ನಿಲ್ಲು ನಿಲ್ಲು ಎಂದು ಚೀರಿ ಅಟ್ಟಕ್ಕೆ ಓಡಿದೆ. ಈ ಸಲ ಆಕಾಶ ತೊಳೆದಿಟ್ಟ ಹಾಗಿತ್ತು. ಮೊದಲು ಸದ್ದು, ಆಮೇಲೆ ನಡುಮಧ್ಯಾಹ್ನದ ಸೂರ್ಯನ ಪಕ್ಕದಲ್ಲೇ ಬೆಳ್ಳಿಯ ಚುಕ್ಕಿ. ಅಗೋ ಅಲ್ಲಿ, ಅಗೋ! ಕೆಂಪು ಸೀರೆಯನ್ನು ಗಳದಿಂದ ಕಿತ್ತು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಅಪ್ಪ ಟವೆಲ್ ಬೀಸಿದ. ಚಾಚಾ ತಲೆಯ ಟೋಪಿ ತೆಗೆದು ಬೀಸಿದರು, ಭಾಭೀ ಭಾಭೀ ಎಂದು ಕೂಗಿದರು. ಪಕ್ಕದ ಹೊಲಗಳಲ್ಲಿ ಉಣ್ಣುತ್ತಿದ್ದವರು ಏನಾಯಿತೋ ಎಂದು ಎದ್ದು ನಿಂತರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ.

ಆಯಿ ಮಾತ್ರ ಬೀಸಲಿಲ್ಲ. ಹುಬ್ಬಿನ ಮೇಲೆ ಕೈ ಹಿಡಿದು ಚುಕ್ಕಿ ಹೊಲದ ಈ ಬದುವಿನಿಂದ ಆ ಬದುವಿಗೆ ದಾಟುವ ತನಕ ನೋಡಿದಳು. ಅದರೊಳಗೇ ಅದಾಳೇನು ಎಂದು ಕೇಳಿದಳು. ಹೌದು ಅಂದೆ. ಬೆಳಿಗ್ಗೆ ಎರಡು ಸಲ ಹೋದದ್ದೂ ಇದೇ ಏನು ಅಂದಳು. ಹೌದು ಅಂದೆ. ಸಿಂಬಿಯನ್ನು ಕೆಳಗಿಟ್ಟು, ಬಿಗಿದ ಸೆರಗು ಸಡಿಲ ಮಾಡಿ ಬನ್ನಿ ಗಿಡದ ಬುಡಕ್ಕೆ ಕೂತುಬಿಟ್ಟಳು.

ಅಪ್ಪ ಹೊತ್ತು ಮೀರುತ್ತಿದೆ ಎಂದು ನೆನಪಿಸಿದ.

“ಎಲ್ಲಿ ಮೀರಿತು?” ಅಂದಳು ಆಯಿ. “ಹೊತ್ತು ನೆತ್ತಿಗಿ ಬಂದಾಗ ಅಕಿ ಹೊಲದಾಗ ಇರಬೇಕು ಅಂದಿದ್ನಿ. ಅಕಿ ಬಂದಾಳ. ಇಳಿಯೂದು ತಡ ಆಗ್ಯಾದ, ಅಷ್ಟ.”

ನಾನು ಅಟ್ಟದಿಂದ ಜಿಗಿದೆ, ಏಣಿ ನೋಡಲಿಲ್ಲ. ಆಯಿಯನ್ನು ಅಪ್ಪಿಕೊಂಡು ಕೆನ್ನೆಗೆ ಮುತ್ತು ಕೊಟ್ಟರೆ, ಬಿಡ ಹುಚ್ಚಿ, ಸುಣ್ಣ ಹತ್ತತದ ಎಂದು ನೂಕಿದಳು.

ಅವತ್ತಿನ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನಾನು ಕಂಡಿಲ್ಲ. ಹಸಿವೋ ಹಸಿವು. ಚಾಚಾ ಮತ್ತು ಅವರ ಮನೆಯವರಿಗೆ ನೀವಾದರೂ ಉಣ್ಣಿ ಅಂದರೆ, ಭಾಭೀ ಬರುವ ತನಕ ನಮಗೂ ರೋಜಾ, ಉಪವಾಸ ಎಂದು ಅವರೂ ಕೂತರು. ತಮ್ಮ ದಾರಿಯುದ್ದಕ್ಕೂ ಫೋನು ಮಾಡುತ್ತಿದ್ದ. ಅವ್ವ ಸಿಕ್ಕಳು. ಗುರುಮಠಕಲ್ ಬಂತು. ಯಾದಗಿರಿಯಲ್ಲಿ ಚಹಾಕ್ಕೆ ನಿಲ್ಲಿಸಲೂ ಬಿಡುತ್ತಿಲ್ಲ. ಶಹಾಪುರ ದಾಟಿದೆವು. ಪ್ರತಿ ಫೋನಿಗೂ ನಾನು ಆಯಿಗೆ ಊರಿನ ಹೆಸರು ಕೂಗಿ ಹೇಳುತ್ತಿದ್ದೆ, ಆಯಿ ಪಶ್ಚಿಮಕ್ಕೆ ವಾಲುತ್ತಿದ್ದ ಸೂರ್ಯನನ್ನು ನೋಡಿ ಹೂಂ ಅನ್ನುತ್ತಿದ್ದಳು. ಉಂಡು ಮುಗಿಸಿದ ಜನ ಗಾಡಿ ಕಟ್ಟಿ ಊರ ಕಡೆ ಹೊರಟರು. ನಮ್ಮ ಮುಚ್ಚಿದ ಮಡಕೆಗಳನ್ನು ನೋಡಿ, ಇದೇನು ಇನ್ನೂ ಎಂದು ಕೇಳಿದವರಿಗೆಲ್ಲ ಅಪ್ಪ, ನಮ್ಮಾಕಿ ವಿಮಾನದಾಗ ಬರಾಕತ್ತಾಳ್ರಿ ಎಂದು ಮೀಸೆ ತೀಡುತ್ತ ಹೇಳುತ್ತಿದ್ದ. ಕೊಂಕಣ ಮೈಲಾರದ ಮಾತು ಮರೆತೇಹೋಗಿತ್ತು ಅವನಿಗೆ.

ಸೂರ್ಯ ಕಾಲುವೆ ಏರಿಯ ಮೇಲೆ ಕೆಂಪಗೆ ಕೂತಾಗ ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಇಳಕಲ್ ಸೀರೆ ಮುದ್ದೆಯಾಗಿತ್ತು, ಕೂದಲು ಕೆದರಿತ್ತು, ಕೈಯಲ್ಲಿ ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿ. ಮೊದಲು ಆಕೆ ನೋಡಿದ್ದು ನಮ್ಮನ್ನಲ್ಲ, ಬನ್ನಿ ಗಿಡದ ಕೆಳಗಿದ್ದ ತುಂಬಿದ ಹೆಡಿಗೆಯನ್ನು. ಚೆಲ್ಲಿಲ್ಲ ಎಂದು ತಿಳಿದು ಅಲ್ಲೇ ನಿಂತಳು. ತಡ ಆಯಿತು ಅತ್ತೆ ಎಂದು ಏನೋ ಹೇಳಹೊರಟಳು.

“ತಡ ಏನಿಲ್ಲ. ಮಧ್ಯಾಹ್ನನ ಬಂದೀದಿ, ನಾ ನೋಡೀನಿ,” ಎಂದು ಆಯಿ ಎದ್ದು ಬಂದು ತನ್ನ ಸಿಂಬಿಯನ್ನು ಅವ್ವನ ತಲೆಯ ಮೇಲಿಟ್ಟಳು. ಅಪ್ಪ ಮತ್ತು ತಮ್ಮ ಕೂಡಿ ಹೆಡಿಗೆ ಎತ್ತಿಟ್ಟರು. ನಾನು ತಂಬಿಗೆಗೆ ಕೈ ಚಾಚಿದೆ. ಈ ಸಲ ಹಿಂದೆ ನಡೆಯುವವಳು ನಾನೇ ಎಂದುಕೊಂಡಿದ್ದೆ. ಆಯಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ತಂಬಿಗೆಯನ್ನು ತಾನೇ ಎತ್ತಿಕೊಂಡಳು.

ಅವ್ವ ಹೆಜ್ಜೆಯಿಟ್ಟಳು, ದನಿ ಮಾತ್ರ ಬರಲಿಲ್ಲ. ಮೂವತ್ತು ವರ್ಷ ಓಗೊಟ್ಟ ಬಾಯಿಗೆ ಮೊದಲು ಕೂಗುವುದು ಹೇಗೆಂದು ಗೊತ್ತಿರಲಿಲ್ಲವೇನೋ. ಆಯಿ ಹಿಂದಿನಿಂದ, ಕೂಗು ಅಂದಳು. ಆಗ ಬಂತು, ‘ಹುಲ್ಲುಲ್ಲಿಗೋ’, ಎಷ್ಟು ಜೋರಾಗಿ ಬಂತೆಂದರೆ ರಸ್ತೆಯ ಮೇಲೆ ಹೋಗುತ್ತಿದ್ದ ಟ್ರ್ಯಾಕ್ಟರು ನಿಂತಿತು. ಹಿಂದೆಯೇ ಆಯಿಯ ‘ಸಲಾಂಬ್ರಿಗೋ’. ಬೇರೆ ಎಲ್ಲ ಹೊಲಗಳೂ ಖಾಲಿಯಾಗಿದ್ದವು, ಅಷ್ಟು ದೊಡ್ಡ ಬಯಲಿನಲ್ಲಿ ಈ ಎರಡೇ ದನಿ. ನಾವೆಲ್ಲ ಹಿಂದೆ ಹಿಂದೆ ನಡೆದೆವು.

ಜೋಳದ ಮೂಲೆ ತಿರುಗುವಾಗ ಆಯಿಯ ಕಾಲು ಹೆಂಟೆಗೆ ತಾಗಿತು, ಓಗೊಡುವುದು ತಪ್ಪಿತು. ಅವ್ವ ಇನ್ನೊಂದು ಸಲ ಕೂಗಿದಳು. ಉತ್ತರವಿಲ್ಲ. ಅವ್ವ ನಿಂತಳು, ಹೆಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಹಿಂದಕ್ಕೆ ತಿರುಗಿದಳು.

ಆಯಿ ನೆಟ್ಟಗಾಗಿ ನಿಂತು ಗದರಿದಳು: “ಹೆಡಗಿ ಹೊತ್ತಾಕಿ ತಿರುಗಿ ನೋಡಬಾರದು ಅಂತ ಗೊತ್ತಿಲ್ಲೇನು?”

“ಗೊತ್ತದರಿ ಅತ್ತಿ,” ಅಂದಳು ಅವ್ವ. “ನೀವು ಬರಾಕತ್ತೀರಿಲ್ಲೋ ನೋಡಿದ್ನಿ.”

ಆಯಿ ಸೊಸೆಯ ಮುಖ ನೋಡಿದಳು. ಆಮೇಲೆ ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, “ಬರಾಕತ್ತೀನಿ, ನಡಿ” ಅಂದಳು.